ಒಂದು ಒತ್ತಿನ ಅಂತರ

ಇಂಗ್ಲಿಷ್ ವ್ಯಾಕರಣದ ಪಾಠಪುಸ್ತಕಗಳಲ್ಲಿ ‘ಇಫ್’ ಎಂಬ ಪುಟ್ಟ ಪದದ ಅಧ್ಯಾಯವು ಬಹುಮಟ್ಟಿಗೆ ಕೊನೆಯ ಪುಟಗಳಲ್ಲಿಯೇ ಇರುತ್ತದೆ. ನಾಮಪದ, ಸರ್ವನಾಮ, ಕ್ರಿಯಾಪದ, ಕಾಲಗಳು, ಕರ್ತರಿ-ಕರ್ಮಣಿ ಪ್ರಯೋಗಗಳು ಇವನ್ನೆಲ್ಲ ದಾಟಿ ಅಲ್ಲಿಗೆ ತಲಪುವ ವೇಳೆಗೆ ಶಾಲೆಯ ವರ್ಷವೂ ಮುಗಿಯುತ್ತ ಬಂದಿರುತ್ತದೆ; ಉಪಾಧ್ಯಾಯರ ಗಂಟಲೂ ಹುಡುಗರ ಉತ್ಸಾಹವೂ ಸಮಸಮವಾಗಿ ಒಣಗಿರುತ್ತವೆ. ಆದುದರಿಂದ ಷರತ್ತಿನ ವಾಕ್ಯಗಳು ನಾಲ್ಕು ಬಗೆಯೆಂದು ಹೇಳಿ, ಕರಿಹಲಗೆಯ ಮೇಲೆ ನಾಲ್ಕು ಸೂತ್ರಗಳನ್ನು ಬರೆದು, ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿ ಅಧ್ಯಾಯವನ್ನು ಮುಗಿಸುವುದು ವಾಡಿಕೆ. ಮುಂದೆ ಆ ಹುಡುಗ ದೊಡ್ಡವನಾಗಿ, ಕಚೇರಿಯ ಮೇಜಿನ ಮುಂದೆ ಕುಳಿತು ಇಂಗ್ಲಿಷಿನಲ್ಲಿ ಪತ್ರ ಬರೆಯತೊಡಗಿದಾಗ, ಆ ನಾಲ್ಕರಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಬಂದರೂ ಯಾವುದನ್ನು ಎಲ್ಲಿ ಬಳಸಬೇಕೆಂಬುದು ತಿಳಿಯುವುದಿಲ್ಲ.

ಅದಕ್ಕಾಗಿ ಅವನನ್ನು ದೂರುವುದು ನ್ಯಾಯವಲ್ಲ. ಸೂತ್ರವು ಅವನಿಗೆ ವಾಕ್ಯದ ಅಚ್ಚನ್ನು ಕೊಟ್ಟಿತು, ಅದರೊಳಗೆ ಹುಯ್ಯಬೇಕಾದ ಎರಕ ಯಾವುದೆಂದು ಹೇಳಲಿಲ್ಲ. ‘ಇಫ್’ ವಾಕ್ಯದಲ್ಲಿ ಕ್ರಿಯಾಪದವು ಗಡಿಯಾರದ ಕಾಲವನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಮಾತನಾಡುವವನಿಗೆ ಆ ಸಂಗತಿಯಲ್ಲಿ ಎಷ್ಟು ನಂಬಿಕೆ ಉಳಿದಿದೆಯೆಂಬುದನ್ನು ಹೇಳುತ್ತದೆ. ಈ ಒಂದು ಮಾತನ್ನು ಮೊದಲೇ ತಿಳಿದುಕೊಂಡವನಿಗೆ ಸೂತ್ರಗಳನ್ನು ಉರುಹಚ್ಚುವ ಕಷ್ಟ ಅರ್ಧಕ್ಕರ್ಧ ತಪ್ಪುತ್ತದೆ.

ಆ ನಾಲ್ಕು ಬಗೆಗಳನ್ನು ನಾಲ್ಕು ಬಾಗಿಲುಗಳೆಂದು ಭಾವಿಸಬಹುದು. ‘ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್’ ಎಂಬುದು ಮೊದಲನೆಯದು. ಮಂಜುಗಡ್ಡೆಗೆ ಕಾವು ತಗಲಿದರೆ ಅದು ಕರಗುತ್ತದೆ. ನಿನ್ನೆಯೂ ಕರಗಿತು, ನಾಳೆಯೂ ಕರಗುತ್ತದೆ. ಈ ಬಾಗಿಲು ಸದಾ ತೆರೆದೇ ಇರುತ್ತದೆ. ಎರಡೂ ಭಾಗಗಳಲ್ಲಿ ವರ್ತಮಾನಕಾಲ. ಕನ್ನಡದ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಈ ಜಾತಿಯದು. ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಅಟ್ ಹೋಮ್’ ಎಂಬುದು ಎರಡನೆಯದು. ಮಳೆ ಬಂದೀತು, ಬಾರದೆಯೂ ಇದ್ದೀತು. ಬಂದರೆ ಮನೆಯಲ್ಲಿಯೇ ಇರುವುದೆಂಬುದು ನಿಶ್ಚಯ. ಇದು ಅರೆ ತೆರೆದ ಬಾಗಿಲು. ‘ಇಫ್ ಐ ಹ್ಯಾಡ್ ವಿಂಗ್ಸ್, ಐ ವುಡ್ ಫ್ಲೈ’ ಎಂಬುದು ಮೂರನೆಯದು. ರೆಕ್ಕೆಯೂ ಇಲ್ಲ, ಹಾರುವುದೂ ಇಲ್ಲ. ಅತ್ತೆಗೆ ಮೀಸೆ ಬಂದರೆ ಮಾವನೆನ್ನಬಹುದೆಂಬ ಮಾತಿನ ಸಾಲಿಗೆ ಸೇರತಕ್ಕದ್ದು. ಇದು ಗೋಡೆಯ ಮೇಲೆ ಬರೆದ ಚಿತ್ರದ ಬಾಗಿಲು, ನೋಡಿ ಸಂತೋಷಪಡಬಹುದು, ಒಳಗೆ ಹೋಗುವಂತಿಲ್ಲ. ‘ಇಫ್ ಇಟ್ ಹ್ಯಾಡ್ ರೇನ್ಡ್, ದಿ ಕ್ರಾಪ್ ವುಡ್ ಹ್ಯಾವ್ ಸರ್ವೈವ್ಡ್’ ಎಂಬುದು ನಾಲ್ಕನೆಯದು. ಮಳೆ ಬರಲಿಲ್ಲ, ಪೈರು ಉಳಿಯಲಿಲ್ಲ. ಒಂದು ಕಾಲದಲ್ಲಿ ತೆರೆದಿದ್ದು ಈಗ ಬೀಗ ಬಿದ್ದಿರುವ ಬಾಗಿಲು ಇದು. ಇಂಗ್ಲಿಷ್ ಕಲಿಸುವವರು ಇವಕ್ಕೆ ಸೊನ್ನೆಯಿಂದ ಮೂರರವರೆಗೆ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿದ್ದು ಏಕೆಂದು ಹುಡುಗರು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಈ ಪಾಠದಲ್ಲಿ ಬುದ್ಧಿವಂತ ವಿದ್ಯಾರ್ಥಿಯೊಬ್ಬನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ರೆಕ್ಕೆಯಿಲ್ಲದಿರುವುದು ಈಗಿನ ಸಂಗತಿ. ಅದಕ್ಕೆ ‘ಹ್ಯಾಡ್’ ಎಂಬ ಭೂತಕಾಲವೇಕೆ? ‘ಇಫ್ ಹಿ ಕೇಮ್ ಟುಮಾರೋ’ ಎಂದು ನಾಳೆಯ ಜೊತೆಗೆ ಹಿಂದಿನ ಕಾಲವನ್ನು ಕಟ್ಟುವುದು ಯಾವ ನ್ಯಾಯ? ಇಂಗ್ಲಿಷರಿಗೆ ಕಾಲಜ್ಞಾನವೇ ಇಲ್ಲವೆ?

ಈ ಪ್ರಶ್ನೆಗೆ ಉತ್ತರವು ಪ್ರಶ್ನೆ ಕೇಳಿದವನ ನಾಲಗೆಯ ಮೇಲೆಯೇ ಇದೆ. ‘ಅವನು ನಾಳೆ ಬಂದರೆ’ ಎಂದು ಕನ್ನಡಿಗನು ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಆ ‘ಬಂದರೆ’ ಎಂಬುದನ್ನು ಬಿಡಿಸಿ ನೋಡಿದರೆ ಸಿಕ್ಕುವುದು ‘ಬಂದ’ ಎಂಬ ಭೂತಕಾಲದ ರೂಪ. ‘ಮಾಡಿದರೆ’ ಎಂಬುದರಲ್ಲಿ ‘ಮಾಡಿದ’, ‘ಹೋದರೆ’ ಎಂಬುದರಲ್ಲಿ ‘ಹೋದ’, ‘ತಿಂದರೆ’ ಎಂಬುದರಲ್ಲಿ ‘ತಿಂದ’. ಹಳಗನ್ನಡದ ‘ಬಂದೊಡೆ’ ಎಂಬುದರಲ್ಲಿಯೂ ಅದೇ ‘ಬಂದ’. ‘ಬರುವರೆ’ ಎಂದು ನಾಳೆಗೆ ಹೊಂದುವ ರೂಪವನ್ನು ಯಾರೂ ಕಟ್ಟುವುದಿಲ್ಲ. ಇನ್ನೂ ನಡೆಯದ ಸಂಗತಿಯನ್ನು, ನಡೆದುಹೋಯಿತೆಂದೇ ಒಂದು ಗಳಿಗೆ ಭಾವಿಸಿಕೊಂಡು, ಆಮೇಲೆ ಏನಾದೀತೆಂದು ನೋಡುವುದು ಕನ್ನಡದ ಕ್ರಮ. ಹೀಗಿರುವಾಗ, ಸಾವಿರ ವರ್ಷಗಳಿಗೂ ಮಿಗಿಲಾಗಿ ನಾಳೆಯ ಮಾತಿಗೆ ನಿನ್ನೆಯ ಅಂಗಿ ತೊಡಿಸಿಕೊಂಡು ಬಂದ ಭಾಷೆಯವನು ಇಂಗ್ಲಿಷಿನ ಭೂತಕಾಲವನ್ನು ಕಂಡು ಬೆದರಬೇಕಾದ ಕಾರಣವಿಲ್ಲ.

ಆದರೆ ಎರಡು ಭಾಷೆಗಳ ದಾರಿಯೂ ಕೊನೆಯವರೆಗೆ ಒಂದೇ ಅಲ್ಲ. ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ತಿಳಿಯಬೇಕಾದರೆ ಸಾಲ ಕೇಳಲು ಹೋದವನ ಉದಾಹರಣೆಯೇ ಸಾಕು. ಸ್ನೇಹಿತನ ಮನೆಗೆ ಹೋಗಿ, ಕಾಫಿ ಕುಡಿದು, ಹವಾಮಾನವನ್ನು ಕುರಿತು ಮಾತನಾಡಿ, ಕಡೆಗೆ ಹೇಗೋ ಧೈರ್ಯಮಾಡಿ ಐನೂರು ರೂಪಾಯಿ ಕೇಳಿದ್ದಾಯಿತು. ಸ್ನೇಹಿತನು ‘ನನ್ನ ಹತ್ತಿರ ಹಣವಿದ್ದರೆ ಕೊಡು...’ ಎಂದು ಆರಂಭಿಸುತ್ತಾನೆ. ಇಲ್ಲಿಯವರೆಗೂ ಕೇಳುವವನ ಉಸಿರು ಗಂಟಲಿನಲ್ಲಿ ನಿಂತಿರುತ್ತದೆ. ‘ಕೊಡುತ್ತೇನೆ’ ಎಂದರೆ ಬದುಕಿದ. ‘ಕೊಡುತ್ತಿದ್ದೆ’ ಎಂದರೆ ಕೊಡೆಯನ್ನೆತ್ತಿಕೊಂಡು ಹೊರಡಬೇಕು. ಕನ್ನಡದಲ್ಲಿ ‘ಹಣವಿದ್ದರೆ’ ಎಂಬ ಮೊದಲ ಭಾಗವು ಎರಡು ಸಂದರ್ಭಗಳಲ್ಲಿಯೂ ಒಂದೇ ಆಗಿರಬಹುದು; ಆಶೆಯೋ ನಿರಾಶೆಯೋ ಎಂಬುದು ಕಟ್ಟಕಡೆಯ ಅಕ್ಷರದಲ್ಲಿ ತೀರ್ಮಾನವಾಗುತ್ತದೆ. ಇಂಗ್ಲಿಷಿನವನಿಗೆ ಅಷ್ಟು ಕಾಯುವ ಕೆಲಸವಿಲ್ಲ. ‘ಇಫ್ ಐ ಹ್ಯಾವ್’ ಎಂದು ಶುರುವಾದರೆ ಕುರ್ಚಿಯಲ್ಲಿ ಇನ್ನಷ್ಟು ಹೊತ್ತು ಕೂಡಬಹುದು. ‘ಇಫ್ ಐ ಹ್ಯಾಡ್’ ಎಂದು ಶುರುವಾದರೆ ಮೂರನೆಯ ಮಾತಿಗೇ ಎದ್ದು ಚಪ್ಪಲಿ ಹುಡುಕಬಹುದು.

ಕನ್ನಡ ಮಾತಿನ ಹುಡುಗನು ಇಂಗ್ಲಿಷಿನಲ್ಲಿ ಎಡವುವುದು ನಿಖರವಾಗಿ ಇಲ್ಲಿಯೇ. ತನ್ನ ಭಾಷೆಯ ಅಭ್ಯಾಸದಂತೆ ಅವನು ವಾಕ್ಯದ ಎರಡನೆಯ ಭಾಗವನ್ನು ಮಾತ್ರ ಬದಲಾಯಿಸಿ ‘ಇಫ್ ಐ ಹ್ಯಾವ್ ಮನಿ, ಐ ವುಡ್ ಗಿವ್’ ಎನ್ನುತ್ತಾನೆ. ಒಂದು ಕಾಲು ಆಶೆಯಲ್ಲಿ, ಇನ್ನೊಂದು ಕಾಲು ನಿರಾಶೆಯಲ್ಲಿ ಊರಿ ನಿಂತ ವಾಕ್ಯವಿದು. ಇಂಗ್ಲಿಷಿನಲ್ಲಿ ಎರಡು ಭಾಗಗಳೂ ಜೊತೆಯಾಗಿ ಬದಲಾಗಬೇಕು: ‘ಹ್ಯಾವ್’ ಇದ್ದಲ್ಲಿ ‘ವಿಲ್’, ‘ಹ್ಯಾಡ್’ ಇದ್ದಲ್ಲಿ ‘ವುಡ್’. ಇನ್ನೊಂದು ತೊಡಕೂ ಉಂಟು. ‘ಇದ್ದಿದ್ದರೆ ಕೊಡುತ್ತಿದ್ದೆ’ ಎಂಬ ಒಂದೇ ಮಾತಿನಿಂದ ಕನ್ನಡಿಗನು ಈಗಿನ ಇಲ್ಲದಿರುವಿಕೆಯನ್ನೂ ಹೇಳುತ್ತಾನೆ, ಹೋದ ವರ್ಷದ ಇಲ್ಲದಿರುವಿಕೆಯನ್ನೂ ಹೇಳುತ್ತಾನೆ. ಇಂಗ್ಲಿಷಿನವನು ಇವೆರಡನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತಾನೆ: ಈಗಿನದಕ್ಕೆ ‘ವುಡ್ ಗಿವ್’, ಹೋದ ವರ್ಷದ್ದಕ್ಕೆ ‘ವುಡ್ ಹ್ಯಾವ್ ಗಿವನ್’. ಕಷ್ಟವಿರುವ ಈ ಎರಡು ಸ್ಥಳಗಳನ್ನು ಗುರುತಿಸಿಕೊಂಡು ಅಲ್ಲಿಯೇ ಅಭ್ಯಾಸ ಮಾಡಿದರೆ ಆಯಿತು. ಇಡೀ ಅಧ್ಯಾಯಕ್ಕೆ ಹೆದರಬೇಕಾಗಿಲ್ಲ.

ಷರತ್ತನ್ನು ಸೂಚಿಸುವ ಪದವು ವಾಕ್ಯದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿಯೂ ವ್ಯತ್ಯಾಸವಿದೆ. ‘ಇಫ್’ ಮದುವಣಿಗನ ಮುಂದಿನ ವಾದ್ಯದಂತೆ ಮೊದಲೇ ಬಂದು ಸಾರುತ್ತದೆ. ‘ರೆ’ ಎಂಬುದು ಕ್ರಿಯಾಪದದ ಬಾಲವನ್ನು ಹಿಡಿದುಕೊಂಡು ಕೊನೆಗೆ ಬರುತ್ತದೆ. ಕೇಳುವವರಿಗೆ ಮುಂಚಿತವಾಗಿ ಸೂಚನೆ ಕೊಡಬೇಕೆನಿಸಿದಾಗ ಕನ್ನಡಿಗರು ‘ಒಂದು ವೇಳೆ’ ಎಂದು ಮುಂದೆ ಸೇರಿಸುವುದುಂಟು. ‘ಇಫ್’ ಒಂಟಿಯಾಗಿ ನಿಲ್ಲಬಲ್ಲದು, ‘ರೆ’ ನಿಲ್ಲಲಾರದು. ಗ್ರೀಕ್ ಲೇಖಕ ಪ್ಲೂಟಾರ್ಕನು ಹೇಳಿರುವ ಪ್ರಸಿದ್ಧ ಕಥೆಯೊಂದಿದೆ. ಅಲೆಗ್ಸಾಂಡರನ ತಂದೆಯಾದ ಮ್ಯಾಸಿಡೋನಿಯದ ದೊರೆ ಫಿಲಿಪನು ಸ್ಪಾರ್ಟಾದವರ ನಾಡಿನೊಳಕ್ಕೆ ತಾನು ನುಗ್ಗಿದರೆ ಅವರನ್ನು ಅಲ್ಲಿಂದ ಓಡಿಸುವೆನೆಂದು ಪತ್ರ ಬರೆದನಂತೆ. ಅವರು ಮರಳಿ ಬರೆದು ಕಳುಹಿಸಿದ್ದು ‘ಇಫ್’ ಎಂಬರ್ಥದ ಒಂದೇ ಒಂದು ಪದ. ಕನ್ನಡದ ಶೂರನೊಬ್ಬನು ಅಲ್ಲಿದ್ದು ಬರಿಯ ‘ರೆ’ ಎಂದು ಬರೆದು ಕಳುಹಿಸಿದ್ದರೆ ದೊರೆಗೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೆ ಅದೇ ಶೂರನು ‘ಬಂದರೆ ತಾನೆ!’ ಎಂದು ಬರೆದಿದ್ದರೆ ಕಾರದಲ್ಲಿ ಗ್ರೀಕಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

‘ಅನ್‌ಲೆಸ್’ ಎಂಬುದು ‘ಇಫ್’ನ ದಾಯಾದಿ. ಇದು ತನ್ನ ಹೊಟ್ಟೆಯೊಳಗೆ ‘ಇಲ್ಲ’ ಎಂಬುದನ್ನು ಇಟ್ಟುಕೊಂಡೇ ಹುಟ್ಟಿದ ಪದ. ‘ಓದದ ಹೊರತು ಪಾಸಾಗುವುದಿಲ್ಲ’ ಎಂದು ಕನ್ನಡದಲ್ಲಿ ಹೇಳುವಾಗ ‘ಓದದ’ ಎಂಬಲ್ಲಿ ನಿಷೇಧವು ಸ್ಪಷ್ಟವಾಗಿದೆ. ಅದನ್ನೇ ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ಸಾಗಿಸಿದವನು ‘ಅನ್‌ಲೆಸ್ ಯು ಡು ನಾಟ್ ಸ್ಟಡಿ, ಯು ವಿಲ್ ನಾಟ್ ಪಾಸ್’ ಎನ್ನುತ್ತಾನೆ. ಓದದೆ ಇದ್ದರೆ ಮಾತ್ರ ಪಾಸು ಎಂಬುದು ಅದರ ಅರ್ಥ. ಹುಡುಗರಿಗೆ ಇದಕ್ಕಿಂತ ಪ್ರಿಯವಾದ ವ್ಯಾಕರಣದೋಷ ಬೇರೊಂದಿರಲಾರದು.

ಭಾರತೀಯರ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕಾಣುವ ಮತ್ತೊಂದು ಅಭ್ಯಾಸವೆಂದರೆ ‘ವಿಲ್’ ಇರಬೇಕಾದಲ್ಲಿ ‘ವುಡ್’ ಹಾಕುವುದು. ‘ಐ ವುಡ್ ಕಮ್ ಟುಮಾರೋ’ ಎಂದು ಬರೆದವನ ಮನಸ್ಸಿನಲ್ಲಿರುವುದು ವಿನಯ. ‘ವುಡ್’ ಎಂಬುದು ‘ವಿಲ್’ಗಿಂತ ಸ್ವಲ್ಪ ಬಗ್ಗಿ ನಮಸ್ಕಾರ ಮಾಡಿದಂತೆ ಅವನಿಗೆ ತೋರುತ್ತದೆ. ವಿನಂತಿಯಲ್ಲಿ ಅದು ನಿಜವೂ ಹೌದು. ಆದರೆ ನಾಳೆ ಬರುವೆನೆಂದು ತಿಳಿಸುವ ವಾಕ್ಯದಲ್ಲಿ ‘ವುಡ್’ ಕಂಡ ಇಂಗ್ಲಿಷಿನವನು, ಮುಂದೆ ಒಂದು ‘ಇಫ್’ ಬರುವುದೆಂದು ಕಾದು ಕುಳಿತುಕೊಳ್ಳುತ್ತಾನೆ. ‘ಬರುತ್ತಿದ್ದೆ, ಆದರೆ...’ ಎಂದು ಯಾರಾದರೂ ಕನ್ನಡದಲ್ಲಿ ಹೇಳಿ ನಿಲ್ಲಿಸಿದರೆ ಕೇಳುವವನಿಗೆ ಹೇಗಾಗುವುದೋ ಹಾಗೆ. ಬರುವೆನೆಂದವನು ಬರುತ್ತಾನೋ ಇಲ್ಲವೋ ಎಂಬ ಸಂದೇಹ ಅವನಿಗೆ ಉಳಿದೇ ಉಳಿಯುತ್ತದೆ.

ಇದನ್ನೆಲ್ಲ ಪಂಡಿತರ ಗೊಡವೆಯೆಂದು ತಳ್ಳಿಹಾಕುವವರು ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗನು ಪದವೀಧರ, ತಂದೆ ನಿವೃತ್ತ ಗುಮಾಸ್ತರು. ಮಗನು ದೊಡ್ಡ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದ್ದಾನೆ. ಅಲ್ಲಿಂದ ಉತ್ತರ ಬಂದಿದೆ. ಅದರ ಕಡೆಯ ವಾಕ್ಯ: ‘ಇಫ್ ಎ ವೇಕೆನ್ಸಿ ಅರೋಸ್, ವಿ ವುಡ್ ಬಿ ಗ್ಲ್ಯಾಡ್ ಟು ಕನ್ಸಿಡರ್ ಯುವರ್ ನೇಮ್’. ತಂದೆಯವರು ಕನ್ನಡಕವನ್ನು ಒರಸಿಕೊಂಡು ಎರಡು ಸಲ ಓದಿ, ‘ಜಾಗ ಖಾಲಿಯಾದರೆ ಸಂತೋಷದಿಂದ ಪರಿಶೀಲಿಸುತ್ತಾರಂತೆ’ ಎಂದು ಮನೆಯವರಿಗೆ ಅರ್ಥ ಹೇಳುತ್ತಾರೆ. ತಾಯಿ ದೇವರಿಗೆ ತುಪ್ಪದ ದೀಪ ಹಚ್ಚುತ್ತಾಳೆ. ಹತ್ತಿರದ ಊರಿನಲ್ಲಿ ಸಿಕ್ಕಬಹುದಾಗಿದ್ದ ಸಣ್ಣ ಕೆಲಸವೊಂದನ್ನು ಹುಡುಗ ‘ಸ್ವಲ್ಪ ಕಾಯೋಣ’ ಎಂದು ಬಿಟ್ಟುಕೊಡುತ್ತಾನೆ. ಆ ವಾಕ್ಯದಲ್ಲಿ ‘ಅರೈಸಸ್’ ಎಂದೂ ‘ವಿಲ್’ ಎಂದೂ ಇದ್ದಿದ್ದರೆ ಕಾಯುವುದರಲ್ಲಿ ಅರ್ಥವಿತ್ತು. ‘ಅರೋಸ್’ ಎಂದೂ ‘ವುಡ್’ ಎಂದೂ ಬರೆದವರು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಯಾಗಿತ್ತು. ಜಾಗ ಖಾಲಿಯಾಗುವ ಸಂಭವ ತಮಗೆ ಕಾಣುತ್ತಿಲ್ಲವೆಂಬುದನ್ನು ಮರ್ಯಾದೆಯಾಗಿ ತಿಳಿಸಿದ್ದರು. ತಂದೆಯವರು ಮಾಡಿದ ಅನುವಾದದಲ್ಲಿ ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಬಿಟ್ಟುಹೋದದ್ದು ಆ ಎರಡು ಕ್ರಿಯಾಪದಗಳ ದನಿ.

ಇದಕ್ಕೆ ಪ್ರತಿಯಾಗಿ, ಬಾಗಿಲನ್ನು ಉದ್ದೇಶಪೂರ್ವಕವಾಗಿ ತೆರೆದಿಟ್ಟ ನಿದರ್ಶನವೊಂದು ಇಂಗ್ಲಿಷ್ ಸಾಹಿತ್ಯದಲ್ಲಿಯೇ ಇದೆ. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗನ ‘ಇಫ್’ ಎಂಬ ಕವಿತೆ 1910ರಲ್ಲಿ ಪ್ರಕಟವಾಯಿತು. ತಂದೆ ಮಗನಿಗೆ ಹೇಳುವ ಬುದ್ಧಿವಾದ ಅದು. ಮೂವತ್ತೆರಡು ಸಾಲುಗಳ ಈ ಕವಿತೆಯನ್ನು ಒಂದೇ ಉದ್ದನೆಯ ವಾಕ್ಯವೆನ್ನಬಹುದು. ಮೊದಲ ಮೂವತ್ತು ಸಾಲುಗಳು ಷರತ್ತುಗಳಿಗೆ; ಫಲಕ್ಕೆ ಉಳಿದದ್ದು ಕಡೆಯ ಎರಡು ಸಾಲುಗಳು. ಷರತ್ತುಗಳಾದರೋ ಸಾಮಾನ್ಯ ಮನುಷ್ಯನಿಗೆ ದುಸ್ಸಾಧ್ಯವಾದವು. ಆದರೂ ಕವಿ ಅವನ್ನು ವರ್ತಮಾನಕಾಲದಲ್ಲಿ ಹೇಳಿ, ಕೊನೆಯಲ್ಲಿ ‘ವಿಲ್’ ಎಂದು ಮುಗಿಸುತ್ತಾನೆ. ಅದೇ ಬುದ್ಧಿವಾದವನ್ನು ಭೂತಕಾಲದಲ್ಲಿ, ‘ವುಡ್’ ಸೇರಿಸಿ ಹೇಳಿದ್ದರೆ, ಇದೊಂದೂ ನಿನ್ನ ಕೈಲಾಗದೆಂದು ಮಗನಿಗೆ ಹೇಳಿದಂತಾಗುತ್ತಿತ್ತು.

‘ಇಫ್’ ಎಂಬ ಪದವು ಇಂದು ಮನುಷ್ಯರ ಭಾಷೆಯಲ್ಲಿ ಮಾತ್ರವಲ್ಲದೆ ಯಂತ್ರಗಳ ಭಾಷೆಯಲ್ಲಿಯೂ ನೆಲೆಸಿದೆ. 1957ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿಯೇ ‘ಇಫ್’ ಇತ್ತು. ಒಂದು ಲೆಕ್ಕದ ಉತ್ತರವು ಸೊನ್ನೆಗಿಂತ ಕಡಮೆಯೋ, ಸೊನ್ನೆಯೋ, ಸೊನ್ನೆಗಿಂತ ಹೆಚ್ಚೋ ಎಂದು ನೋಡಿ, ಯಂತ್ರವು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಿತ್ತು. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಇಂದು ಇಂತಹ ‘ಇಫ್’ಗಳನ್ನು ಬರೆದೇ ಜೀವನ ಸಾಗಿಸುತ್ತಿದ್ದಾರೆ. ಆ ಭಾಷೆಗಳ ‘ಇಫ್’ಗೆ ನಿಜ ಮತ್ತು ಸುಳ್ಳುಗಳು ಗೊತ್ತು, ‘ಹಾಗಾಗಿದ್ದರೆ’ ಎಂದು ಹಿಂದಿರುಗಿ ನೋಡುವುದು ಅದರ ಕೆಲಸವಲ್ಲ. ಅದು ಮನುಷ್ಯರ ಪಾಲಿಗೆ ಉಳಿದಿದೆ.

ಇನ್ನು ಅಭ್ಯಾಸದ ಮಾತು. ಅದಕ್ಕೆ ದೊಡ್ಡ ಪುಸ್ತಕವೇನೂ ಬೇಡ, ಅಡುಗೆಮನೆಯೇ ಸಾಕು. ಮಕ್ಕಳು ಸಾಲಾಗಿ ಕುಳಿತಿರುವಾಗ ಒಬ್ಬರು ಆರಂಭಿಸಬಹುದು: ಹಾಲು ಉಕ್ಕಿದರೆ ಒಲೆ ಆರುತ್ತದೆ. ಮುಂದಿನವರು ಅದರ ಬಾಲವನ್ನು ಹಿಡಿಯಬೇಕು: ಒಲೆ ಆರಿದರೆ ಕಾಫಿ ತಡವಾಗುತ್ತದೆ, ಕಾಫಿ ತಡವಾದರೆ ಅಪ್ಪನಿಗೆ ಬಸ್ಸು ತಪ್ಪುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ, ‘ಇಫ್ ದಿ ಮಿಲ್ಕ್ ಬಾಯಿಲ್ಸ್ ಓವರ್, ದಿ ಸ್ಟೋವ್ ವಿಲ್ ಗೋ ಔಟ್’ ಎಂದು ಪೋಣಿಸುತ್ತ ಹೋದರೆ ಅರೆ ತೆರೆದ ಬಾಗಿಲಿನ ಪಾಠ ಮುಗಿಯಿತು. ‘ಇಫ್’ ಇರುವ ಭಾಗದಲ್ಲಿ ‘ವಿಲ್’ ನುಸುಳದಂತೆ ಹಿರಿಯರೊಬ್ಬರು ಕಾವಲಿದ್ದರೆ ಸಾಕು. ಎರಡನೆಯ ಸುತ್ತಿಗೆ ಮನೆಯಲ್ಲಿಲ್ಲದ ಹಸುವನ್ನು ಕರೆತರಬಹುದು: ‘ಇಫ್ ವಿ ಹ್ಯಾಡ್ ಎ ಕೌ, ವಿ ವುಡ್ ನಾಟ್ ಬೈ ಮಿಲ್ಕ್’. ಮೂರನೆಯ ಸುತ್ತಿಗೆ ಹಾಲು ನಿಜವಾಗಿಯೂ ಉಕ್ಕಿದ ದಿನದವರೆಗೆ ಕಾಯಬೇಕು. ಆ ದಿನ ಸಂಜೆ, ‘ಇಫ್ ದಿ ಮಿಲ್ಕ್ ಹ್ಯಾಡ್ ನಾಟ್ ಬಾಯಿಲ್ಡ್ ಓವರ್, ಫಾದರ್ ವುಡ್ ನಾಟ್ ಹ್ಯಾವ್ ಮಿಸ್ಡ್ ದಿ ಬಸ್’ ಎಂದು ಮಗಳು ಹೇಳಿದರೆ, ಬಸ್ಸು ತಪ್ಪಿದ ತಂದೆಗೂ ನಗು ಬಂದೀತು. ಒಂದೇ ಘಟನೆಯನ್ನು ಮೂರು ದೂರಗಳಿಂದ ನೋಡಿದ ಮಗುವಿಗೆ ಸೂತ್ರ ಮರೆತರೂ ದೂರ ಮರೆಯುವುದಿಲ್ಲ.

ಆಮೇಲೆ ಬೆರಕೆಯ ವಾಕ್ಯಗಳೂ ತಾವಾಗಿ ಬರುತ್ತವೆ. ‘ಅಂದು ಓದಿದ್ದರೆ ಇಂದು ಡಾಕ್ಟರಾಗಿರುತ್ತಿದ್ದ’ ಎಂಬಲ್ಲಿ ಷರತ್ತು ಹಿಂದಿನದು, ಫಲ ಇಂದಿನದು. ಇಂಗ್ಲಿಷಿನಲ್ಲಿಯೂ ‘ಹ್ಯಾಡ್ ಸ್ಟಡೀಡ್’ ಮತ್ತು ‘ವುಡ್ ಬಿ’ ಜೊತೆಗೂಡುತ್ತವೆ. ಸಂಖ್ಯೆಗಳ ಪ್ರಕಾರ ಇದು ಮೂರನೆಯದರ ತಲೆ, ಎರಡನೆಯದರ ಕಾಲು. ಬದುಕು ಪಾಠಪುಸ್ತಕದ ವಿಂಗಡಣೆಗೆ ಕಾಯುವುದಿಲ್ಲವಾದುದರಿಂದ ಇಂತಹ ವಾಕ್ಯಗಳು ಮನೆಮನೆಯಲ್ಲಿಯೂ ಹೇರಳವಾಗಿವೆ.

ಎಲ್ಲಕ್ಕಿಂತ ಹೆಚ್ಚಾಗಿ ಅವು ಕೇಳಿಬರುವುದು ಪರೀಕ್ಷೆಯ ಫಲಿತಾಂಶ ಬಂದ ಸಂಜೆ. ಹುಡುಗನು ಒಂದು ವಿಷಯದಲ್ಲಿ ತೇರ್ಗಡೆಯಾಗಿಲ್ಲ. ತಾಯಿ ಅಡುಗೆಮನೆಯಿಂದ ಹೊರಗೆ ಬಂದಿಲ್ಲ. ತಂದೆ ‘ಓದಿದ್ದರೆ ಪಾಸಾಗುತ್ತಿದ್ದೆ’ ಎನ್ನುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ, ವ್ಯಾಕರಣದ ದೋಷವೂ ಇಲ್ಲ. ಆದರೆ ಅದು ಬೀಗ ಬಿದ್ದ ಬಾಗಿಲು. ಅದರ ಮುಂದೆ ಹುಡುಗನು ತಲೆ ತಗ್ಗಿಸಿ ನಿಲ್ಲಬಹುದೇ ಹೊರತು ಬೇರೇನೂ ಮಾಡಲಾರ. ಮರುಪರೀಕ್ಷೆ ಇನ್ನೂ ಮುಂದಿದೆ. ‘ಓದಿದರೆ ಪಾಸಾಗುತ್ತೀಯೆ’ ಎಂದೂ ಅದೇ ತಂದೆ ಅದೇ ಸಂಜೆ ಹೇಳಬಹುದಾಗಿತ್ತು. ಬರವಣಿಗೆಯಲ್ಲಿ ‘ಓದಿದ್ದರೆ’ ಎಂಬುದಕ್ಕೂ ‘ಓದಿದರೆ’ ಎಂಬುದಕ್ಕೂ ಇರುವ ಅಂತರ ದಕಾರದ ಕೆಳಗಿನ ಒಂದು ಒತ್ತು. ಇಂಗ್ಲಿಷಿನಲ್ಲಿ ಅದೇ ಅಂತರಕ್ಕೆ ‘ಹ್ಯಾಡ್’ ಎಂಬ ಒಂದು ಪದ ಬೇಕಾಗುತ್ತದೆ. ಎರಡು ವಾಕ್ಯಗಳಲ್ಲಿ ಯಾವುದನ್ನು ಆಡಬೇಕೆಂಬುದನ್ನು ವ್ಯಾಕರಣವು ಹೇಳಿಕೊಡುವುದಿಲ್ಲ. ಎರಡೂ ಬೇರೆ ಬೇರೆಯೆಂಬುದನ್ನು ಹೇಳಿಕೊಟ್ಟು ಅದು ಸುಮ್ಮನಾಗುತ್ತದೆ. ಉಳಿದದ್ದು ಆ ಸಂಜೆ ಬಾಯಿ ತೆರೆಯುವವರಿಗೆ ಸೇರಿದ್ದು.